ರೈನ್ ನದಿಯ ಎರಡು ದಂಡೆಗಳು

ಯೂರೋಪ್ ಖಂಡದ ನಕಾಶೆಯನ್ನು ತರಗತಿಯ ಗೋಡೆಗೆ ತೂಗುಹಾಕಿದ ದಿನ ಮಕ್ಕಳು ಕೇಳುವ ಪ್ರಶ್ನೆಗಳು ವರ್ಷವರ್ಷವೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅಲ್ಲಿಯ ಜನ ಏನು ಉಣ್ಣುತ್ತಾರೆ, ಹಿಮ ಬಿದ್ದ ದಿನ ಶಾಲೆಗೆ ರಜೆಯುಂಟೇ, ಇಷ್ಟು ಚಿಕ್ಕ ದೇಶಗಳಲ್ಲಿ ಇಷ್ಟೊಂದು ಭಾಷೆಗಳೇಕೆ ಎಂಬಂಥವು ಅವು. ಇವುಗಳ ನಡುವೆ ಒಂದು ಪ್ರಶ್ನೆ ಮಾತ್ರ ಪ್ರತಿಸಲವೂ ನನ್ನನ್ನು ತಡೆದು ನಿಲ್ಲಿಸುತ್ತದೆ. ಗಡಿಗೆರೆಯ ಮೇಲೆ ಬೆರಳಿಟ್ಟು, "ಇಲ್ಲಿ ಗೋಡೆ ಇದೆಯೇ? ದಾಟಬೇಕಾದರೆ ಯಾರನ್ನು ಕೇಳಬೇಕು?" ಎಂದು ಯಾವನಾದರೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ. ಪರದೇಶದಲ್ಲಿರುವ ಮಕ್ಕಳನ್ನು ಕಾಣಲು ಹೊರಟ ತಂದೆತಾಯಿಗಳು ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ: "ಒಂದು ವೀಸಾದ ಮೇಲೆ ಎಷ್ಟು ದೇಶ ನೋಡಬಹುದು?"

ತಂದೆತಾಯಿಗಳಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಶೆಂಗೆನ್ ವೀಸಾ ಎಂಬುದೊಂದು ಇದ್ದರೆ 29 ದೇಶಗಳಲ್ಲಿ ಸಂಚರಿಸಬಹುದು. ಬಲ್ಗೇರಿಯ ಮತ್ತು ರುಮೇನಿಯ ದೇಶಗಳು 2025ರ ಜನವರಿ 1ರಂದು ಪೂರ್ಣವಾಗಿ ಸೇರಿದ ಮೇಲೆ ಆದ ಲೆಕ್ಕ ಇದು. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್‌ಗಳು ಯೂರೋಪಿಯನ್ ಒಕ್ಕೂಟದ ಸದಸ್ಯರಲ್ಲದಿದ್ದರೂ ಈ ವ್ಯವಸ್ಥೆಯ ಒಳಗಿವೆ. ಐರ್ಲೆಂಡ್ ಒಕ್ಕೂಟದಲ್ಲಿದ್ದರೂ ಇದರ ಹೊರಗಿದೆ. ಬ್ರಿಟನ್ನಿನ ವೀಸಾ ಬೇರೆಯೇ. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳಿಗೆ ಮೀರಿ ಉಳಿಯುವಂತಿಲ್ಲ. ಹೆಚ್ಚು ದಿನ ತಂಗುವ ದೇಶದ ದೂತಾವಾಸಕ್ಕೆ ಅರ್ಜಿ ಸಲ್ಲಿಸಬೇಕು, 30,000 ಯೂರೋಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಇರಬೇಕು. ಇಷ್ಟನ್ನು ಯಾವ ಪ್ರವಾಸ ಏಜೆಂಟನಾದರೂ ಹೇಳಿಯಾನು. ಹುಡುಗನ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಗೋಡೆ ಇಲ್ಲವೆಂದರೆ ಸಾಲದು. ಏಕೆ ಇಲ್ಲ, ಎಂದಿನಿಂದ ಇಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ.

ಅದನ್ನು ಹೇಳಲು ನಾನು ಆರಿಸಿಕೊಳ್ಳುವುದು ಒಂದೇ ಸ್ಥಳವನ್ನು. ರೈನ್ ನದಿಯ ಪಶ್ಚಿಮದ ದಂಡೆಯಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರ, ಪೂರ್ವದ ದಂಡೆಯಲ್ಲಿ ಜರ್ಮನಿಯ ಕೇಲ್ ಎಂಬ ಚಿಕ್ಕ ಪಟ್ಟಣ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಕೇಲ್‌ನಲ್ಲಿ ಎಂಜಿನಿಯರಾಗಿದ್ದಾನೆ. ಅವನ ಆಗ್ರಹದ ಮೇರೆಗೆ 2025ರ ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿ ಕೆಲವು ದಿನ ಇದ್ದೆ. ಮೊದಲ ಬೆಳಿಗ್ಗೆಯೇ ಟ್ರಾಮಿನಲ್ಲಿ ಕೂರಿಸಿಕೊಂಡು ಹೊರಟ. 2017ರಿಂದ ಸ್ಟ್ರಾಸ್‌ಬರ್ಗಿನ ಟ್ರಾಮು ನದಿಯನ್ನು ದಾಟಿ ಕೇಲ್‌ವರೆಗೆ ಬರುತ್ತದೆ. ಸೇತುವೆ ಮುಗಿಯಿತು. "ಗುರುಗಳೇ, ಈಗ ಫ್ರಾನ್ಸು" ಎಂದ. ಯಾರೂ ತಲೆಯೆತ್ತಿ ನೋಡಲಿಲ್ಲ. ಪಕ್ಕದ ಆಸನದ ಮುದುಕಿಯೊಬ್ಬಳು ಸ್ವೆಟರು ಹೆಣೆಯುತ್ತಲೇ ಇದ್ದಳು. ಸ್ಟ್ರಾಸ್‌ಬರ್ಗಿನವರು ಅಗ್ಗದ ತಂಬಾಕಿಗಾಗಿ ಕೇಲ್‌ಗೆ ಬರುತ್ತಾರೆ, ಕೇಲ್‌ನವರು ಬ್ರೆಡ್ಡಿಗೂ ಸಂತೆಗೂ ಸ್ಟ್ರಾಸ್‌ಬರ್ಗಿಗೆ ಹೋಗುತ್ತಾರೆ ಎಂದು ಶಿಷ್ಯ ವಿವರಿಸಿದ.

ಈ ನಿಶ್ಚಿಂತೆಯ ಹಿಂದಿನ ಕಥೆ ಬಲು ಕಹಿಯಾದುದು. ಸ್ಟ್ರಾಸ್‌ಬರ್ಗ್ ಇರುವ ಅಲ್ಸಾಸ್ ಪ್ರಾಂತದ ಜನರ ಮನೆಮಾತು ಜರ್ಮನಿಗೆ ಹತ್ತಿರದ ಒಂದು ನುಡಿ. ನಗರವನ್ನು ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ವಶಪಡಿಸಿಕೊಂಡದ್ದು 1681ರಲ್ಲಿ. 1870ರ ಯುದ್ಧದಲ್ಲಿ ಜರ್ಮನ್ ಸೇನೆ ನಗರವನ್ನು ಮುತ್ತಿ ತೋಪು ಹಾರಿಸಿತು. ಆಗಸ್ಟ್ 24ರ ರಾತ್ರಿ ಅಲ್ಲಿಯ ಗ್ರಂಥಾಲಯ ಸುಟ್ಟು ಬೂದಿಯಾಯಿತು. ಹೆರ್ರಾಡ್ ಎಂಬ ಮಠಾಧಿಕಾರಿಣಿ ಹನ್ನೆರಡನೆಯ ಶತಮಾನದಲ್ಲಿ ತನ್ನ ಮಠದ ಸಂನ್ಯಾಸಿನಿಯರ ವಿದ್ಯಾಭ್ಯಾಸಕ್ಕಾಗಿ ಸಿದ್ಧಪಡಿಸಿದ ಸಚಿತ್ರ ಗ್ರಂಥವೊಂದು ಆ ಬೆಂಕಿಯಲ್ಲಿ ಹೋಯಿತು. ಅದಕ್ಕೆ ಮೊದಲೇ ಕೆಲವರು ಆಸಕ್ತಿಯಿಂದ ಅದರ ಕೆಲವು ಚಿತ್ರಗಳನ್ನು ನಕಲು ಮಾಡಿಟ್ಟುಕೊಂಡಿದ್ದುದರಿಂದ ಅದು ಹೇಗಿತ್ತೆಂದು ಇಂದು ನಮಗೆ ತಿಳಿಯುತ್ತದೆ. ಯುದ್ಧದಲ್ಲಿ ಸತ್ತವರ ಸಂಖ್ಯೆಯ ಮುಂದೆ ಒಂದು ಪುಸ್ತಕ ಏನು ಮಹಾ ಎನ್ನುವವರಿರಬಹುದು. ಪಾಠ ಹೇಳಿ ಜೀವಿಸುವ ನಮ್ಮಂಥವರಿಗೆ ಅದು ಅಷ್ಟು ಹಗುರವಾದ ಮಾತಲ್ಲ.

1871ರ ಒಪ್ಪಂದದಂತೆ ಅಲ್ಸಾಸ್ ಜರ್ಮನಿಗೆ ಸೇರಿತು. ಮೊದಲನೆಯ ಮಹಾಯುದ್ಧ ಮುಗಿದ 1918ರಲ್ಲಿ ಮತ್ತೆ ಫ್ರಾನ್ಸು. 1940ರಲ್ಲಿ ಹಿಟ್ಲರನ ಜರ್ಮನಿ. 1944ರ ನವೆಂಬರ್ 23ರಂದು ಮತ್ತೊಮ್ಮೆ ಫ್ರಾನ್ಸಿನ ಸೇನೆ. 1865ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಹುಟ್ಟಿ ಎಂಬತ್ತು ವರ್ಷ ಬಾಳಿದವನೊಬ್ಬ ತನ್ನ ಮನೆಯ ಹೊಸ್ತಿಲು ಬಿಟ್ಟು ಕದಲದೆಯೇ ನಾಲ್ಕು ಸಲ ದೇಶ ಬದಲಾಯಿಸಿದ ಹಾಗಾಯಿತು. ಪ್ರತಿಸಲವೂ ಶಾಲೆಯ ಭಾಷೆ ಬದಲಾಯಿತು, ನಾಲ್ಕು ರಸ್ತೆ ಕೂಡುವಲ್ಲಿಯ ಫಲಕಗಳು ಬದಲಾದವು. ಹಿಟ್ಲರನ ಆಡಳಿತದಲ್ಲಿ ಫ್ರೆಂಚ್ ಮಾತನಾಡುವುದಷ್ಟೇ ಅಲ್ಲ, ಫ್ರೆಂಚರ ಟೋಪಿ ತೊಡುವುದೂ ಅಪರಾಧವೆನಿಸಿತ್ತು. 1942ರ ಆಗಸ್ಟಿನಿಂದ ಅಲ್ಸಾಸ್ ಮತ್ತು ನೆರೆಯ ಮೊಸೆಲ್ ಜಿಲ್ಲೆಯ ಸುಮಾರು 1,30,000 ಯುವಕರನ್ನು ಬಲವಂತದಿಂದ ಜರ್ಮನ್ ಸೇನೆಗೆ ಸೇರಿಸಿದರು. ತಪ್ಪಿಸಿಕೊಂಡವನ ಕುಟುಂಬವನ್ನು ಊರಿನಿಂದ ಗಡೀಪಾರು ಮಾಡಿದರು. ಹೋದವರಲ್ಲಿ ಸುಮಾರು 40,000 ಮಂದಿ ಮರಳಲೇ ಇಲ್ಲ.

ಕೇಲ್‌ನವರ ಪಾಡೂ ಸುಖದ್ದಾಗಿರಲಿಲ್ಲ. 1944ರಲ್ಲಿ ಊರು ತೆರವು ಮಾಡಿ ಹೋದ ಅಲ್ಲಿಯ ಜರ್ಮನರಿಗೆ ಯುದ್ಧ ಮುಗಿದ ಮೇಲೂ ಒಡನೆ ಹಿಂದಿರುಗಲಾಗಲಿಲ್ಲ. ಪಟ್ಟಣ ಫ್ರೆಂಚರ ವಶದಲ್ಲಿತ್ತು. ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಟ್ಟು, ಪೂರ್ತಿ ಮರಳಿಸಿದ್ದು 1953ರಲ್ಲಿ.

ಸ್ಟ್ರಾಸ್‌ಬರ್ಗಿನ ರಿಪಬ್ಲಿಕ್ ಚೌಕದಲ್ಲಿ ಒಂದು ಯುದ್ಧಸ್ಮಾರಕವಿದೆ. 1936ರಲ್ಲಿ ಅನಾವರಣಗೊಂಡ ಇದನ್ನು ಕಡೆದ ಶಿಲ್ಪಿ ದ್ರಿವಿಯೆ. ತಾಯಿಯೊಬ್ಬಳು ಕುಳಿತಿದ್ದಾಳೆ, ಸಾಯುತ್ತಿರುವ ಇಬ್ಬರು ಮಕ್ಕಳು ಅವಳ ಮಡಿಲಿಗೆ ಒರಗಿದ್ದಾರೆ. ಒಬ್ಬ ಫ್ರಾನ್ಸಿಗಾಗಿ ಸತ್ತವನು, ಇನ್ನೊಬ್ಬ ಜರ್ಮನಿಗಾಗಿ. ಮೈಮೇಲೆ ಸಮವಸ್ತ್ರವಿಲ್ಲದ ಕಾರಣ ಯಾರು ಯಾವ ಕಡೆಯವನೆಂದು ಹೇಳುವಂತಿಲ್ಲ. ಫ್ರಾನ್ಸಿನ ಬೇರೆ ಊರುಗಳ ಸ್ಮಾರಕಗಳಲ್ಲಿ 'ಫ್ರಾನ್ಸಿಗಾಗಿ ಮಡಿದವರು' ಎಂದು ಕೆತ್ತುವುದು ರೂಢಿ. ಇಲ್ಲಿ 'ನಮ್ಮ ಮೃತರಿಗೆ' ಎಂದಷ್ಟೇ ಇದೆ. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ. ಶಿಷ್ಯನೂ ಮಾತನಾಡಿಸಲಿಲ್ಲ.

ಗಡಿಯ ಗೋಡೆಯನ್ನು ಕೆಡವಲು ಮೊದಲು ಕೈಹಾಕಿದವರೂ ಇಂಥ ಗಡಿನಾಡಿನವರೇ ಎಂಬುದು ಗಮನಿಸತಕ್ಕ ವಿಷಯ. ರಾಬರ್ಟ್ ಶುಮನ್ ಹುಟ್ಟಿದ್ದು 1886ರಲ್ಲಿ, ಲಕ್ಸೆಂಬರ್ಗಿನಲ್ಲಿ. ತಂದೆ ಲೊರೇನ್ ಸೀಮೆಯವರಾದ್ದರಿಂದ ಹುಟ್ಟಿನಿಂದ ಜರ್ಮನ್ ಪ್ರಜೆ, ಓದಿದ್ದು ಜರ್ಮನಿಯಲ್ಲಿ, 1918ರ ತರುವಾಯ ಫ್ರೆಂಚ್ ಪ್ರಜೆ, ಕೊನೆಗೆ ಫ್ರಾನ್ಸಿನ ವಿದೇಶಾಂಗ ಮಂತ್ರಿ. ತೋಪು ಎರಕ ಹೊಯ್ಯಲು ಬೇಕಾದುದು ಕಲ್ಲಿದ್ದಲು ಮತ್ತು ಉಕ್ಕು. ಇವೆರಡನ್ನೂ ಎರಡು ದೇಶಗಳು ಒಂದೇ ಅಧಿಕಾರದ ಕೆಳಗಿಟ್ಟರೆ ಒಬ್ಬರು ಇನ್ನೊಬ್ಬರಿಗೆ ತಿಳಿಯದಂತೆ ಯುದ್ಧಸನ್ನಾಹ ಮಾಡಲಾಗದು ಎಂಬುದು 1950ರ ಮೇ 9ರಂದು ಅವರು ಮಂಡಿಸಿದ ಯೋಜನೆಯ ತಿರುಳು. ಮರುವರ್ಷ ಆರು ದೇಶಗಳು ಸಹಿ ಹಾಕಿದವು. ಅಲ್ಲಿಂದ ಗಡಿಯ ತಪಾಸಣೆ ನಿಲ್ಲಿಸುವ ಒಪ್ಪಂದಕ್ಕೆ ಬರಲು ಇನ್ನೂ ಮೂವತ್ತನಾಲ್ಕು ವರ್ಷ ಹಿಡಿಯಿತು. ಲಕ್ಸೆಂಬರ್ಗ್, ಫ್ರಾನ್ಸ್, ಜರ್ಮನಿ ಮೂರೂ ಸಂಧಿಸುವಲ್ಲಿ ಮೊಸೆಲ್ ನದಿಯ ದಂಡೆಯ ಮೇಲೆ ಶೆಂಗೆನ್ ಎಂಬ ಹಳ್ಳಿಯಿದೆ. 1985ರ ಜೂನ್ 14ರಂದು ಅಲ್ಲಿ ಹಡಗೊಂದರ ಮೇಲೆ ಐದು ದೇಶಗಳ ಪ್ರತಿನಿಧಿಗಳು ಸಹಿ ಮಾಡಿದರು. ಒಪ್ಪಂದ ನಿಜವಾಗಿ ಕಾರ್ಯಗತವಾದದ್ದು 1995ರ ಮಾರ್ಚ್ 26ರಿಂದ. ನಮ್ಮ ವೀಸಾಕ್ಕೆ ಆ ಹೆಸರು ಬಂದದ್ದು ಹೀಗೆ.

ಗೋಡೆ ಬಿದ್ದಿತೆಂದ ಮಾತ್ರಕ್ಕೆ ಗೆರೆ ಅಳಿಸಿಹೋಯಿತೆಂದು ತಿಳಿಯಬಾರದು. ದಿನನಿತ್ಯದ ಬದುಕಿನಲ್ಲಿ ಅದು ಎದುರಾಗುತ್ತಲೇ ಇರುತ್ತದೆ. ಸ್ಟ್ರಾಸ್‌ಬರ್ಗಿನ ಹೋಟೆಲಿನಲ್ಲಿ ಊಟಕ್ಕೆ ಕುಳಿತರೆ ನಲ್ಲಿಯ ನೀರನ್ನು ಹೂಜಿಯಲ್ಲಿ ಪುಕ್ಕಟೆ ಕೊಡುತ್ತಾರೆ. ಕೇಲ್‌ನಲ್ಲಿ ಸಾಮಾನ್ಯವಾಗಿ ನೀರಿನ ಬಾಟಲಿಗೆ ಹಣ ತೆರಬೇಕು. ಎರಡೂ ಕಡೆ ನಲ್ಲಿಯ ನೀರು ನಿರ್ಭಯವಾಗಿ ಕುಡಿಯತಕ್ಕದ್ದೇ! ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ರೈಲುಗಳು ಜೋಡಿಹಳಿಯ ಎಡಗಡೆ ಓಡಿದರೆ, ಅಲ್ಸಾಸಿನಲ್ಲಿ ಬಲಗಡೆ ಓಡುತ್ತವೆ. ಜರ್ಮನಿಯ ಆಡಳಿತದ ಕಾಲದ ಪದ್ಧತಿ ಅದು. ಫ್ರಾನ್ಸು 1905ರಲ್ಲಿ ಧರ್ಮವನ್ನು ಸರಕಾರದಿಂದ ಬೇರ್ಪಡಿಸಿತು. ಆಗ ಅಲ್ಸಾಸ್ ಜರ್ಮನಿಯಲ್ಲಿದ್ದ ಕಾರಣ ಆ ಕಾನೂನು ಇಲ್ಲಿಗೆ ಬರಲೇ ಇಲ್ಲ, ಇಂದಿಗೂ ಇಲ್ಲಿಯ ಪಾದ್ರಿಗಳಿಗೆ ಸರಕಾರವೇ ಸಂಬಳ ಕೊಡುತ್ತದೆ.

ಊಟದ ಪ್ರಶ್ನೆಗೂ ಉತ್ತರ ಕೊಡದಿದ್ದರೆ ನಮ್ಮ ತಾಯಂದಿರು ಕ್ಷಮಿಸಲಾರರು. ಅಲ್ಸಾಸಿನ ತೆಳ್ಳನೆಯ ಕೆನೆ-ಈರುಳ್ಳಿಯ ರೊಟ್ಟಿಯ ಮೇಲೆ ರೂಢಿಯಂತೆ ಹಂದಿಮಾಂಸದ ತುಣುಕುಗಳಿರುತ್ತವೆ. ಅವು ಬೇಡವೆಂದು ಮೊದಲೇ ಹೇಳಬೇಕು. ಹುಳಿಬರಿಸಿದ ಎಲೆಕೋಸೂ ಮಾಂಸದೊಡನೆಯೇ ಬರುತ್ತದೆ. ಹಲವು ಚೀಸುಗಳನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದ ರಸ ಬಳಸುತ್ತಾರೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ನಾನಂತೂ ಬ್ರೆಡ್ಡು, ಬೆಣ್ಣೆ, ಹಣ್ಣು ಮತ್ತು ಶಿಷ್ಯನ ಮನೆಯವರು ಮಾಡಿದ ಅನ್ನಸಾರುಗಳಿಂದ ಸುಖವಾಗಿದ್ದೆ.

ಇನ್ನೊಂದು ಮಾತು. ತೆರೆದ ಗಡಿ ಮುಚ್ಚಲಾರದೆಂದು ಯಾರೂ ಭಾವಿಸಬಾರದು. 2015ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಉಗ್ರರ ದಾಳಿ ನಡೆದಾಗ ಫ್ರಾನ್ಸು ಗಡಿತಪಾಸಣೆಯನ್ನು ಮತ್ತೆ ಆರಂಭಿಸಿತು. 2020ರ ಮಾರ್ಚಿನಲ್ಲಿ ಕೊರೋನಾ ಹಬ್ಬಿದಾಗ ರೈನ್ ಸೇತುವೆಯ ಮೇಲೆ ಪೊಲೀಸರು ನಿಂತರು, ಗಡಿ ದಾಟುವ ಟ್ರಾಮು ನಿಂತಿತು. ಆ ವರ್ಷ ಜೂನ್ ಮಧ್ಯದವರೆಗೆ ಎರಡು ದಂಡೆಗಳ ಜನ ಒಬ್ಬರನ್ನೊಬ್ಬರು ಮುಕ್ತವಾಗಿ ಕಾಣಲಾಗಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಜರ್ಮನಿಯು ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆಯನ್ನು ಮತ್ತೆ ಜಾರಿಗೆ ತಂದಿತು.

ಇದು ನನಗೆ ಆ ದಿನವೇ ಅನುಭವಕ್ಕೆ ಬಂತು. ಬೆಳಿಗ್ಗೆ ಹೊರಡುವಾಗ ಪಾಸ್‌ಪೋರ್ಟನ್ನು ಮನೆಯಲ್ಲಿಯೇ ಬಿಟ್ಟಿದ್ದೆ; ಶಿಷ್ಯ ಬಾಗಿಲಿನಿಂದ ಹಿಂದಿರುಗಿ ಅದನ್ನು ತಂದು ನನ್ನ ಜೇಬಿಗೆ ಹಾಕಿದ್ದ. ಸಂಜೆ ಮರಳುವಾಗ ಕೇಲ್ ನಿಲ್ದಾಣದಲ್ಲಿ ಇಬ್ಬರು ತರುಣ ಪೊಲೀಸರು ಟ್ರಾಮು ಹತ್ತಿದರು. ನನ್ನ ಪಾಸ್‌ಪೋರ್ಟಿನ ಎರಡು ಪುಟ ತಿರುವಿ ನೋಡಿ, ನಮಸ್ಕರಿಸಿ ಹಿಂದಿರುಗಿಸಿದರು. ಎದುರಿನ ಆಸನದಲ್ಲಿದ್ದ ಫ್ರೆಂಚ್ ಹೆಂಗಸು ತನ್ನ ಬುಟ್ಟಿಯಲ್ಲಿ ಬ್ರೆಡ್ಡಿನ ಕೆಳಗೆಲ್ಲೋ ಸೇರಿಹೋಗಿದ್ದ ಗುರುತಿನ ಚೀಟಿಯನ್ನು ಹುಡುಕುತ್ತಿದ್ದಳು.