ಎಳೆಯ ಎಲುಬೂ ಸೂರ್ಯನ ಬೆಳಕೂ

ಮಕ್ಕಳ ಎಲುಬುಗಳಿಗೆ ಸುಣ್ಣದ ಅಂಶವು ಸಾಲದೆ ಅವು ಮೆತ್ತಗಾಗಿ, ಕಾಲುಗಳು ಬಿಲ್ಲಿನಂತೆ ಬಾಗುವ ರೋಗಕ್ಕೆ ರಿಕೆಟ್ಸ್ ಎಂದು ಹೆಸರು. ಮೊದಲನೆಯ ಮಹಾಯುದ್ಧವು ಮುಗಿದ ಬಳಿಕ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ ಹಸಿವಿನೊಡನೆ ಈ ರೋಗವೂ ಬಹಳವಾಗಿ ಹರಡಿತ್ತು. ಇದಕ್ಕೆ ಕಾರಣವು ಆಹಾರದ ಕೊರತೆಯೆಂದು ಕೆಲವರೂ, ಬೆಳಕಿಲ್ಲದ ಮನೆಗಳ ವಾಸವೆಂದು ಕೆಲವರೂ, ಅಂಟುಜಾಡ್ಯವೆಂದು ಕೆಲವರೂ ವಾದಿಸುತ್ತಿದ್ದರು.

1919ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಎಂಬ ವಿದುಷಿಯವರು ಅಲ್ಲಿಗೆ ಹೋದರು. ಎಲ್ಸಿ ಡಾಲಿಯೆಲ್, ಮಾರ್ಗರೆಟ್ ಹ್ಯೂಮ್ ಮೊದಲಾದ ಸ್ತ್ರೀಯರು ಅವರ ಜೊತೆಗಾರರಾದರು. ಮಕ್ಕಳ ಚಿಕಿತ್ಸಾಲಯದ ಮುಖ್ಯಸ್ಥರಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬವರು ಅಂಟುಜಾಡ್ಯದ ಪಕ್ಷದವರು. ಆದರೂ ಸತ್ಯವು ಹೊರಬರಲೆಂದು ತಮ್ಮ ವಾರ್ಡುಗಳನ್ನು ಅವರಿಗೆ ತೆರೆದುಕೊಟ್ಟರು.

ಶಿಶುಗಳ ಒಂದು ಪಂಗಡಕ್ಕೆ ವಾಡಿಕೆಯ ಆಹಾರವನ್ನೂ, ಇನ್ನೊಂದಕ್ಕೆ ಕಾಡ್ ಮೀನಿನ ಎಣ್ಣೆ ಸೇರಿದ ಆಹಾರವನ್ನೂ ಕೊಟ್ಟು, ಕ್ಷಕಿರಣ ಚಿತ್ರಗಳಿಂದ ಎಲುಬುಗಳನ್ನು ಪರೀಕ್ಷಿಸಿದರು. ಚಳಿಗಾಲದಲ್ಲಿ ಮೊದಲನೆಯ ಪಂಗಡದ ಅನೇಕ ಶಿಶುಗಳು ರೋಗಕ್ಕೆ ತುತ್ತಾದವು. ಎಣ್ಣೆ ಪಡೆದವು ಸುಖವಾಗಿದ್ದವು. ಬೇಸಗೆಯಲ್ಲಾದರೋ ಎರಡು ಪಂಗಡಗಳಿಗೂ ಬಾಧೆಯಿಲ್ಲ! ರೋಗ ಹಿಡಿದ ಕೂಸುಗಳು ಎಣ್ಣೆಯಿಂದಲೂ ಗುಣವಾದವು, ಬಿಸಿಲಿನಿಂದಲೂ ಗುಣವಾದವು. ಹೀಗೆ ಆಹಾರದ ವಾದವೂ ಬೆಳಕಿನ ವಾದವೂ ಒಂದಾದವು. ಎಣ್ಣೆಯಲ್ಲಿರುವ ಡಿ ಜೀವಸತ್ವವನ್ನು ಬಿಸಿಲು ತಾಗಿದ ಚರ್ಮವೇ ಉಂಟುಮಾಡುವುದೆಂದೂ, ಅದಿಲ್ಲದೆ ಕರುಳು ಆಹಾರದ ಸುಣ್ಣವನ್ನು ಚೆನ್ನಾಗಿ ಹೀರದೆಂದೂ ಈಗ ನಾವು ಬಲ್ಲೆವು.

ಈ ವಿದುಷಿಯವರು ಲಂಡನ್ನಿನ ನಾಟಿಂಗ್ ಹಿಲ್ ಬಾಲಿಕೆಯರ ಹೈಸ್ಕೂಲಿನಲ್ಲಿ ಓದಿದವರು. 102 ವರ್ಷ ಬಾಳಿ 1977ರಲ್ಲಿ ತೀರಿಕೊಂಡರು. ಹೆಣ್ಣುಮಗಳಿಗೆ ವಿಜ್ಞಾನವೇಕೆಂದು ಕೇಳುವ ತಂದೆತಾಯಿಗಳಿಗೆ ವಿಯೆನ್ನಾದ ಆ ಕೂಸುಗಳ ನೇರವಾದ ಕಾಲುಗಳನ್ನೇ ನಾವು ಉತ್ತರವಾಗಿ ತೋರಿಸುವೆವು.