ಸೈಕಲ್ಲಿಗೆ ಮನೆಯಲ್ಲೇ ಮಾಡಿಕೊಳ್ಳುವ ಎಲ್.ಇ.ಡಿ. ದೀಪ



ಗಂಗಾವತಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಪಾಳಿ ರಾತ್ರಿ ಬಂದರೆ ಭತ್ತದ ಗದ್ದೆಗೆ ರಾತ್ರಿಯೇ ಹೋಗಬೇಕು. ಕುಷ್ಟಗಿ, ಯಲಬುರ್ಗಾ ಕಡೆ ಕೊಳವೆಬಾವಿ ನಂಬಿದವರಿಗೆ ಮೂರು ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಸಿಕ್ಕರೆ ಅದೇ ಗತಿ. ಕೊಪ್ಪಳದ ಹತ್ತಿರದ ಗಿಣಿಗೇರಿಯ ಕಾರ್ಖಾನೆಗಳಿಗೆ ಪಾಳಿ ಕೆಲಸಕ್ಕೆ ಹೋಗುವ ಮಕ್ಕಳೂ ನಮ್ಮ ಮನೆಗಳಲ್ಲಿದ್ದಾರೆ. ಇವರಲ್ಲಿ ಸೈಕಲ್ಲಿನ ಮೇಲೆ ಓಡಾಡುವವರು ಈಗಲೂ ಇದ್ದಾರೆ. ಆದರೆ ದೀಪವಿರುವ ಸೈಕಲ್ಲು ಅಪರೂಪ. ಹಿಂದೆ ಟೈರಿಗೆ ಉಜ್ಜುವ ಡೈನಮೋ ಇರುತ್ತಿತ್ತು. ಈಗ ಕೆಲವರು ಮೊಬೈಲಿನ ಬೆಳಕನ್ನೇ ಹಲ್ಲಿನಲ್ಲಿ ಕಚ್ಚಿಕೊಂಡು ಹೋಗುತ್ತಾರೆ. ಕಾಲುವೆ ದಂಡೆಯ ಮೇಲೆ ಹಾವು ಅಡ್ಡ ಬಂದಾಗಲೋ, ಕುಷ್ಟಗಿಯ ಹೆದ್ದಾರಿಯಲ್ಲಿ ಎದುರಿನ ಲಾರಿ ಕಣ್ಣಿಗೆ ಹೊಡೆದಾಗಲೋ ಈ ಬೆಳಕು ಸಾಲುವುದಿಲ್ಲ. ತುರ್ತಿಗೆ ಫೋನ್ ಮಾಡಬೇಕೆಂದರೆ ಬ್ಯಾಟರಿಯೂ ಉಳಿದಿರುವುದಿಲ್ಲ.

ಪೇಟೆಯಲ್ಲಿ ಸಿದ್ಧ ದೀಪಗಳು ಸಿಗುತ್ತವೆ. ಆದರೆ ಅಗ್ಗದವು ಮೊದಲ ಮಳೆಗೇ ಒಳಗೆ ನೀರು ಕುಡಿದು ಸಾಯುವುದನ್ನು ನಾನು ಕಂಡಿದ್ದೇನೆ. ನಾವೇ ಮಾಡಿಕೊಂಡ ದೀಪ ಕೆಟ್ಟರೆ ನಾವೇ ಬಿಚ್ಚಿ ಸರಿಪಡಿಸಬಹುದು.

ಎಲ್.ಇ.ಡಿ.ಯ ಗುಣ

ಇದು ಬಲ್ಬಿನಂತೆ ತಂತಿ ಕಾಯಿಸಿ ಬೆಳಕು ಕೊಡುವುದಲ್ಲ. ನೀಲಿ ಬೆಳಕು ಕೊಡುವ ಚಿಕ್ಕ ಹರಳಿನ ಮೇಲೆ ಹಳದಿ ಲೇಪನ ಬಳಿದಿರುತ್ತಾರೆ. ಎರಡೂ ಸೇರಿ ನಮಗೆ ಬಿಳಿಯಾಗಿ ಕಾಣುತ್ತದೆ. ಆ ನೀಲಿ ಹರಳನ್ನು ಸಾಧಿಸಿದ ಜಪಾನಿನ ಅಕಾಸಾಕಿ, ಅಮಾನೊ ಮತ್ತು ಜಪಾನಿನಲ್ಲೇ ಹುಟ್ಟಿದ ನಾಕಮುರ ಇವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಬಂತು. 1 ವ್ಯಾಟಿನ ಒಂದು ಎಲ್.ಇ.ಡಿ. ಹಳೆಯ 3 ವ್ಯಾಟಿನ ಡೈನಮೋ ಬಲ್ಬಿಗಿಂತ ಎರಡು-ಮೂರು ಪಟ್ಟು ಬೆಳಕು ಕೊಡಬಲ್ಲದು.

ಇದಕ್ಕೆ ಎರಡು ಸ್ವಭಾವಗಳಿವೆ. ಸುಮಾರು 3 ವೋಲ್ಟು ತಲುಪಿದ ಮೇಲೆ ವೋಲ್ಟೇಜು ಸ್ವಲ್ಪ ಏರಿದರೂ ವಿದ್ಯುತ್ತನ್ನು ಮಿತಿಮೀರಿ ಎಳೆದು ಸುಟ್ಟುಹೋಗುತ್ತದೆ. ಆದ್ದರಿಂದ ನಡುವೆ ರೆಸಿಸ್ಟರ್ ಇಡಲೇಬೇಕು. ಎರಡನೆಯದಾಗಿ ಎಲ್.ಇ.ಡಿ.ಯ ಬೆನ್ನು ಕಾಯುತ್ತದೆ. ಆ ಶಾಖ ಹೊರಗೆ ಹೋಗಬೇಕು. ಮನೆಯಲ್ಲಿ ಮಾಡಿದ ದೀಪಗಳು ಬೇಗ ಕೆಡುವುದು ಹೆಚ್ಚಾಗಿ ಇವೆರಡನ್ನು ಮರೆತಿದ್ದರಿಂದಲೇ.

ಬೇಕಾಗುವ ಸಾಮಾನು

ನಕ್ಷತ್ರಾಕಾರದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂರಿಸಿದ 1 ವ್ಯಾಟಿನ ಬಿಳಿ ಎಲ್.ಇ.ಡಿ., ಅದಕ್ಕೆ ಹೊಂದುವ 30 ಡಿಗ್ರಿಯ ಲೆನ್ಸು, 3.3 ಓಮಿನ 1 ವ್ಯಾಟ್ ರೆಸಿಸ್ಟರ್, 18650 ಎಂಬ ಅಳತೆಯ ಒಂದು ಲಿಥಿಯಂ ಸೆಲ್ಲು ಮತ್ತು ಅದರ ಹೋಲ್ಡರು, ರಕ್ಷಣೆಯಿರುವ ಟಿಪಿ 4056 ಚಾರ್ಜಿಂಗ್ ಬೋರ್ಡು, ಒಂದು ಸ್ವಿಚ್ಚು. ಇವೆಲ್ಲ ರೇಡಿಯೊ-ಟಿವಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಉಳಿದದ್ದು ಹೊಲದಲ್ಲೇ ಇದೆ: 63 ಮಿ.ಮೀ. ಪಿವಿಸಿ ಪೈಪಿನ ಒಂದು ಗೇಣು ತುಂಡು, ಎರಡು ಎಂಡ್ ಕ್ಯಾಪು, ದಾಳಿಂಬೆ ತೋಟದ ಹನಿ ನೀರಾವರಿಯಲ್ಲಿ ಉಳಿದ ಒಂದೆರಡು ರಬ್ಬರ್ ಗ್ರೋಮೆಟು, ಹಳೆಯ ಟ್ಯೂಬಿನ ಪಟ್ಟಿ. ಜೊತೆಗೆ 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ ಒಂದು ಅಡಿ.

ಜೋಡಣೆ

ಅಲ್ಯೂಮಿನಿಯಂ ಪಟ್ಟಿಯ ತುದಿಯನ್ನು ಲಂಬವಾಗಿ ಬಗ್ಗಿಸಿ, ಅದರ ಮುಖಕ್ಕೆ ಶಾಖದ ಪೇಸ್ಟ್ ಸವರಿ ಎಲ್.ಇ.ಡಿ. ಬಿಲ್ಲೆಯನ್ನು ಎರಡು ಚಿಕ್ಕ ಸ್ಕ್ರೂಗಳಿಂದ ಬಿಗಿಯಬೇಕು. ಸ್ಕ್ರೂ ಬೆಸುಗೆಯ ಜಾಗಕ್ಕೆ ತಾಗಬಾರದು. ಪಟ್ಟಿಯ ಇನ್ನೊಂದು ತುದಿ ಪೈಪಿನ ಸೀಳಿನಿಂದ ಹೊರಬಂದು ಹ್ಯಾಂಡಲ್ಲಿಗೆ ಕ್ಲಾಂಪ್ ಆಗುತ್ತದೆ. ಹೀಗೆ ಮಾಡಿದರೆ ದೀಪ ಹಿಡಿಯುವ ಪಟ್ಟಿಯೇ ಶಾಖವನ್ನೂ ಗಾಳಿಗೆ ಒಯ್ಯುತ್ತದೆ. ಪಿವಿಸಿ ಶಾಖವನ್ನು ಬಿಡುವುದಿಲ್ಲವಾದ್ದರಿಂದ ಎಲ್.ಇ.ಡಿ.ಯನ್ನು ಪೈಪಿನೊಳಗೇ ಅಂಟಿಸಿ ಮುಚ್ಚಿಬಿಡಬೇಡಿ.

ಮುಂದಿನ ಕ್ಯಾಪಿನಲ್ಲಿ ಲೆನ್ಸಿನಷ್ಟು ತೂತು ಕೊರೆದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಸೆಲ್ಲಿನ ಹೋಲ್ಡರನ್ನು ಬೋರ್ಡಿನ ಬಿ ಪ್ಲಸ್, ಬಿ ಮೈನಸ್ ಕಾಲುಗಳಿಗೆ ಬೆಸೆಯಬೇಕು. ಔಟ್ ಪ್ಲಸ್‌ನಿಂದ ಸ್ವಿಚ್ಚು, ಅಲ್ಲಿಂದ ರೆಸಿಸ್ಟರ್, ಅಲ್ಲಿಂದ ಎಲ್.ಇ.ಡಿ.ಯ ಪ್ಲಸ್, ಎಲ್.ಇ.ಡಿ.ಯ ಮೈನಸ್‌ನಿಂದ ಔಟ್ ಮೈನಸ್‌ಗೆ ಮರಳುವುದು. ತಂತಿ ಅದಲುಬದಲಾದರೆ ದೀಪ ಹತ್ತುವುದಿಲ್ಲ. ತಂತಿ ಹೊರಬರುವ ತೂತಿಗೆ ಗ್ರೋಮೆಟು ಕೂರಿಸಿದರೆ ಮಳೆನೀರು ಇಳಿಯುವುದಿಲ್ಲ. ಸೀಳಿಗೆ ಟ್ಯೂಬಿನ ಪಟ್ಟಿ ಸುತ್ತಿ ಬಿಗಿಯಿರಿ.

ಲೆಕ್ಕ ಹೀಗಿದೆ. ಪೂರ್ತಿ ತುಂಬಿದ ಸೆಲ್ಲು 4.2 ವೋಲ್ಟು, ಎಲ್.ಇ.ಡಿ.ಗೆ 3.2 ಹೋದರೆ ಉಳಿಯುವುದು 1 ವೋಲ್ಟು. ಅದನ್ನು 3.3ರಿಂದ ಭಾಗಿಸಿದರೆ ಸುಮಾರು 0.3 ಆಂಪಿಯರ್, 1 ವ್ಯಾಟಿನ ಎಲ್.ಇ.ಡಿ. ತಡೆಯುವ 0.35ಕ್ಕಿಂತ ಕಡಿಮೆ. ಸೆಲ್ಲು ಇಳಿದಂತೆ ಬೆಳಕೂ ಮೆಲ್ಲಗೆ ಇಳಿಯುತ್ತದೆ. 2000 ಮಿಲಿ ಆಂಪಿಯರ್-ಗಂಟೆಯ ಒಳ್ಳೆಯ ಸೆಲ್ಲು ಒಂದು ಚಾರ್ಜಿಗೆ 8 ಗಂಟೆಯಷ್ಟು ಬಾಳಬಹುದು. ಮೊಬೈಲ್ ಚಾರ್ಜರಿನಿಂದ ಮೂರು ಗಂಟೆಯಲ್ಲಿ ಮತ್ತೆ ತುಂಬುತ್ತದೆ.

ದಿಕ್ಕು ಹೊಂದಿಸುವುದು

ಗಂಟೆಗೆ 15 ಕಿ.ಮೀ. ವೇಗದಲ್ಲಿ ಸೈಕಲ್ಲು ಸೆಕೆಂಡಿಗೆ 4 ಮೀಟರಿಗೂ ಹೆಚ್ಚು ಹೋಗುತ್ತದೆ. ಕಂಡು, ಬ್ರೇಕು ಹಿಡಿದು, ನಿಲ್ಲುವಷ್ಟರಲ್ಲಿ 8 ಮೀಟರು ಆಗಿಹೋಗುತ್ತದೆ. ಒದ್ದೆ ರಿಮ್ಮಿನಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಬೆಳಕಿನ ನಡುಭಾಗ 10 ಮೀಟರು ಮುಂದೆ ನೆಲಕ್ಕೆ ಬೀಳಬೇಕು. ಸೈಕಲ್ಲನ್ನು ಗೋಡೆಯಿಂದ 5 ಮೀಟರು ದೂರ ನಿಲ್ಲಿಸಿ. ದೀಪ ನೆಲದಿಂದ 90 ಸೆಂ.ಮೀ. ಎತ್ತರದಲ್ಲಿದ್ದರೆ ಗೋಡೆಯ ಮೇಲಿನ ಬೆಳಕಿನ ನಡು 45 ಸೆಂ.ಮೀ. ಎತ್ತರಕ್ಕೆ ಬರುವಂತೆ ಬಾಗಿಸಿ ಕ್ಲಾಂಪ್ ಬಿಗಿಯಿರಿ. ಮೇಲಕ್ಕೆ ತಿರುಗಿಸಿದ ದೀಪ ಎದುರಿನವನ ಕಣ್ಣು ಕುರುಡು ಮಾಡುತ್ತದೆ, ನಿಮ್ಮ ದಾರಿಯನ್ನೂ ತೋರಿಸುವುದಿಲ್ಲ.

ಮುಂದಿನ ದೀಪ ನಮಗೆ ದಾರಿ ಕಾಣಲಿಕ್ಕೆ. ಹಿಂದಿನಿಂದ ಬರುವ ಲಾರಿಗೆ ನಾವು ಕಾಣಬೇಕಲ್ಲ! ಸ್ವಿಚ್ಚಿನ ನಂತರದ ತಂತಿಯಿಂದಲೇ 100 ಓಮಿನ ರೆಸಿಸ್ಟರ್ ಹಾಕಿ ಚಿಕ್ಕ ಕೆಂಪು ಎಲ್.ಇ.ಡಿ.ಯೊಂದನ್ನು ಹಿಂದಿನ ಮಡ್‌ಗಾರ್ಡಿಗೆ ಒಯ್ಯಿರಿ. ಅದರ ಕೆಳಗೆ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನೂ ಅಂಟಿಸಿ. ತಂತಿ ತುಂಡಾದ ದಿನ ಅದೊಂದೇ ಕಾಯುತ್ತದೆ.

ಸೆಲ್ಲಿನ ವಿಷಯದಲ್ಲಿ ಎಚ್ಚರಿಕೆ

ಲಿಥಿಯಂ ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬಾರದು. ಕಾದರೆ ಹೊತ್ತಿಕೊಳ್ಳುವ ಅಪಾಯವಿದೆ. ಎರಡು ತುದಿಗಳಿಗೆ ಒಟ್ಟಿಗೆ ಕಬ್ಬಿಣ ತಾಗಿಸಬಾರದು. ಹೊದಿಕೆ ಹರಿದ, ತಗ್ಗು ಬಿದ್ದ ಸೆಲ್ಲನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ನಮ್ಮ ಕಡೆ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದುಂಟು. ಹಗಲು ಸೈಕಲ್ಲು ಬಯಲಲ್ಲಿ ನಿಲ್ಲುವುದಾದರೆ ಹಿಂದಿನ ಕ್ಯಾಪು ತೆಗೆದು ಸೆಲ್ಲನ್ನು ನೆರಳಿನಲ್ಲಿಡಿ. ಅದಕ್ಕಾಗಿ ಆ ಕ್ಯಾಪಿಗೆ ಅಂಟು ಹಾಕಬಾರದು. ಚಾರ್ಜು ಮಾಡುವಾಗ ಹಾಸಿಗೆ, ಮೇವಿನ ಬಣವೆಗಳಿಂದ ದೂರ, ನೀವು ಎಚ್ಚರವಿರುವ ಹೊತ್ತಿನಲ್ಲೇ ಮಾಡಿ.