ಹಳೆಯ ಡೀಸೆಲ್ ಯಂತ್ರದ ಪರೀಕ್ಷೆ

ಕೊಣನೂರಿನ ಬಳಿ ಕಾವೇರಿಯ ದಡದ ರೈತನೊಬ್ಬನು ಹೊಲಕ್ಕೆ ನೀರೆತ್ತಲು ಹಳೆಯ ಡೀಸೆಲ್ ಪಂಪೊಂದನ್ನು ಕೊಳ್ಳಹೊರಟಿದ್ದಾನೆಂದು ಭಾವಿಸೋಣ. ಹೊಸ ಬಣ್ಣ ಬಳಿದ ಯಂತ್ರವು ತಿರುಗಿಸಿದೊಡನೆಯೇ ಓಡತೊಡಗುತ್ತದೆ. ಆದರೆ ಅದು ಮೊದಲೇ ಬಿಸಿಯಾಗಿದ್ದಿತೇ? ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು.

1897ರಲ್ಲಿ ರುಡಾಲ್ಫ್ ಡೀಸೆಲನು ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಬಗೆಯ ಯಂತ್ರದಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಪಿಸ್ಟನ್ನು ಸಿಲಿಂಡರಿನ ಗಾಳಿಯನ್ನು ಬಲವಾಗಿ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಆಗ ಒಳಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಪಿಸ್ಟನ್ನಿನ ಉಂಗುರಗಳು ಸವೆದಿದ್ದರೆ ಗಾಳಿ ಸೋರಿಹೋಗಿ ಸಾಕಷ್ಟು ಕಾವು ಹುಟ್ಟುವುದಿಲ್ಲ. ಸಿಲಿಂಡರು ಮೊದಲೇ ಬಿಸಿಯಾಗಿದ್ದರೆ ಈ ಕೊರತೆ ತುಂಬಿ, ದೋಷವು ಮರೆಯಾಗುತ್ತದೆ.

ಆದ್ದರಿಂದ ಯಂತ್ರವು ರಾತ್ರಿಯೆಲ್ಲ ಆರಿದ ಮೇಲೆ, ಬೆಳಗ್ಗೆ ನಾವೇ ಹ್ಯಾಂಡಲ್ ತಿರುಗಿಸಿ ನೋಡುವುದು ಲೇಸು. ಹೊಗೆಯನ್ನೂ ಗಮನಿಸೋಣ. ನೀಲಿ ಹೊಗೆ ಕೀಲೆಣ್ಣೆ ಉರಿಯುತ್ತಿರುವುದರ ಗುರುತು. ಎಡೆಬಿಡದ ಕಪ್ಪು ಹೊಗೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಾಲದುದರ ಅಥವಾ ಹೊರೆ ಹೆಚ್ಚಾದುದರ ಗುರುತು. ಕೀಲೆಣ್ಣೆಯು ಹಾಲಿನಂತೆ ಬೆಳ್ಳಗಿದ್ದರೆ ಅದರಲ್ಲಿ ನೀರು ಬೆರೆತಿದೆ. ದೋಣಿಯ ಡೀಸೆಲ್ ಯಂತ್ರಕ್ಕೂ ಇವೇ ಪರೀಕ್ಷೆಗಳು ಸಲ್ಲುತ್ತವೆ.

ಪೈರು ಒಣಗುವ ಹೊತ್ತಿನಲ್ಲಿ ಪಂಪು ನಿಂತರೆ ನಷ್ಟವಾಗುವುದು ಯಂತ್ರದ ಬೆಲೆಯಷ್ಟೇ ಅಲ್ಲ, ವರ್ಷದ ಬೆಳೆಯೂ ಹೌದು.